ಜೀಪಿನ ಮೂತಿಯ ಪಂಪು

ದಾಂಡೇಲಿಯ ಬಂಗೂರನಗರದ ಕಾಗದ ಕಾರ್ಖಾನೆಯ ಕಂಪನಿ ಹುಟ್ಟಿದ್ದು 1955ರಲ್ಲಿ, ಉತ್ಪಾದನೆ ಶುರುವಾದದ್ದು 1959ರಲ್ಲಿ. ಕಾಗದಕ್ಕೆಂದು ಒಣಬಿದಿರು ರಾಶಿ ಬೀಳುವ ಊರಲ್ಲಿ ಬೆಂಕಿಯ ಭಯ ಕೇಳಬೇಕೇ? ಬೆಂಕಿ ಆರಿಸುವ ಗಾಡಿಗೆ ಜೀಪು ಸಾಕು, ಮಹೀಂದ್ರದವರು ಆಗಲೇ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸುತ್ತಿದ್ದರು. ನಾಲ್ಕೂ ಚಕ್ರ ಎಳೆಯುವ ಆ ಗಾಡಿಯ ಮೂತಿಗೆ ಪಂಪು ಕೂರಿಸಿ ಎಂಜಿನ್ನಿನಿಂದಲೇ ತಿರುಗಿಸಿದರೆ ಅಗ್ನಿಶಾಮಕ ವಾಹನ ತಯಾರು. ಅಮೆರಿಕದವರು ಹಾಗೇ ಮಾಡಿದರು.

ಅಂಥದ್ದೊಂದು ಹಳೇ ಜೀಪು ನನ್ನ ದಾಂಡೇಲಿಯ ಗ್ಯಾರೇಜಿಗೆ ಬಂತು. ಮಾಲೀಕರಿಗೆ ಬೇಕಿದ್ದದ್ದು ಕೆಂಪು ಬಣ್ಣ, ನಾನು ಬಿಚ್ಚಿದ್ದು ಪಂಪು. ಶಾಫ್ಟಿಗೆ ಸುತ್ತಿದ್ದ ಪ್ಯಾಕಿಂಗ್ ಹಗ್ಗ ಕಲ್ಲಾಗಿತ್ತು. ಕೊಕ್ಕೆ ಹಾಕಿ ಚೂರುಚೂರಾಗಿ ಕಿತ್ತೆ. ಅಲ್ಲಿ ಗಾಳಿ ನುಸುಳಿದರೆ ಪಂಪು ನೀರೆಳೆಯದು. ಹಾಗಂತ ಹೊಸ ಹಗ್ಗವನ್ನು ತೀರಾ ಬಿಗಿಯಲೂಬಾರದು. ನೀರು ಹನಿಹನಿ ಸೋರುತ್ತಿರಬೇಕು, ಇಲ್ಲದಿದ್ದರೆ ಶಾಫ್ಟು ಕಾದು ಸವೆಯುತ್ತದೆ. ಹಳೇ ಗಾಡಿ ಕೊಂಡವರೇ, ಪೇಂಟರನ್ನು ಆಮೇಲೆ ಕರೆಯಿರಿ.