ಸಹಿಯಿಲ್ಲದ ಹಾಳೆಗಳು: ಕೆನರಾ ಗಿಡಮಾದರಿಗಳ ಪತ್ರಚರಿತ್ರೆ

ಯುರೋಪಿನ ಹಲವು ಸಸ್ಯಸಂಗ್ರಹಾಲಯಗಳ ಕಪಾಟುಗಳಲ್ಲಿ ನಮ್ಮ ಕರಾವಳಿಯ ಗಿಡಗಳು ಒಣಗಿ, ಹಾಳೆಗೆ ಅಂಟಿಕೊಂಡು ಕುಳಿತಿವೆ. ಹಾಳೆಯ ಮೂಲೆಯ ಅಚ್ಚಿನ ಚೀಟಿಯಲ್ಲಿ ಒಂದು ಲ್ಯಾಟಿನ್ ಹೆಸರು, ‘ಟೆರ್. ಕೆನರಾ’ ಎಂಬ ಎರಡು ಪದ, ಜೊತೆಗೆ ಪ್ರಕಾಶಕ ಆರ್. ಎಫ್. ಹೊಹೆನಾಕರನ ಹೆಸರು ಇರುತ್ತವೆ. ‘ಟೆರ್. ಕೆನರಾ’ ಎಂದರೆ ಕೆನರಾ ಸೀಮೆ. ಕಾಸರಗೋಡಿನ ಕುಂಬ್ಡಾಜೆಯಲ್ಲಿ ಕುಳಿತು ಆ ಚೀಟಿಯನ್ನು ಓದುವವರಿಗೆ ಮೊದಲು ಏಳುವ ಪ್ರಶ್ನೆ ಒಂದೇ: ಯಾವ ಕೆನರಾ?

1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪೆನಿ ಸರಕಾರದ ಕೈಸೇರಿದ ಕೆನರಾ ಈಗಿನ ಉತ್ತರ ಕನ್ನಡದಿಂದ ಕಾಸರಗೋಡಿನವರೆಗೂ ಹಬ್ಬಿತ್ತು. 1862ರಲ್ಲಿ ಅದರ ಉತ್ತರದ ಪಾಲು ಮುಂಬಯಿ ಪ್ರಾಂತಕ್ಕೆ ಹೋಯಿತು. ಮದರಾಸಿನ ಆಳ್ವಿಕೆಯಲ್ಲೇ ಉಳಿದ ದಕ್ಷಿಣ ಕನ್ನಡದಿಂದ 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಯಿತು. ಹಾಳೆಯ ಮೇಲಿನ ಗಿಡ ಕದಲಲಿಲ್ಲ, ಕೆನರಾದ ಗಡಿ ಮಾತ್ರ ಎರಡು ಬಾರಿ ಬದಲಾಯಿತು. ಜೆ. ಎಸ್. ಗ್ಯಾಂಬಲ್ 1915ರಿಂದ ಹೊರತರತೊಡಗಿದ ಮದರಾಸು ಪ್ರಾಂತದ ಸಸ್ಯಕೋಶದಲ್ಲಿ ‘ಎಸ್. ಕೆನರಾ’ ಎಂದು ಕಂಡಲ್ಲೆಲ್ಲ ಇದೇ ತೊಡಕು. ಕುಂದಾಪುರದ ಗಿಡವೂ ಕುಂಬಳೆಯ ಗಿಡವೂ ಅಲ್ಲಿ ಒಂದೇ ಹೆಸರಿನಡಿ ನಿಲ್ಲುತ್ತವೆ.

ಈ ತೊಡಕನ್ನು ಬಿಡಿಸಬಲ್ಲ ಸಾಮಗ್ರಿಯೆಂದರೆ ಮಾದರಿಗಳ ಜೊತೆ ಓಡಾಡಿದ ಪತ್ರಗಳು. ಅಮೆರಿಕದ ಸಸ್ಯಶಾಸ್ತ್ರದ ಆರಂಭಕಾಲ ನಮಗೆ ಅಷ್ಟು ನಿಚ್ಚಳವಾಗಿ ಕಾಣುವುದಕ್ಕೂ ಪತ್ರಗಳೇ ಕಾರಣ. ಫಿಲಡೆಲ್ಫಿಯಾದ ರೈತ ಜಾನ್ ಬಾರ್ಟ್ರಮ್ ಮತ್ತು ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್ಸನ್ 1730ರ ದಶಕದಿಂದ 1768ರವರೆಗೆ, ಕಾಲಿನ್ಸನ್ ತೀರಿಕೊಳ್ಳುವ ತನಕ, ಬೀಜದ ಪೆಟ್ಟಿಗೆಗಳ ಜೊತೆ ಕಾಗದ ಬರೆದುಕೊಂಡರು. ಮುಂದೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನ ಪಾದ್ರಿ ಮ್ಯೂಲೆನ್‌ಬರ್ಗ್ ತನ್ನ ಗಿಡಗಳನ್ನು ಬರ್ಲಿನ್ನಿನ ವಿಲ್ಡೆನೋಗೆ ಕಳಿಸಿದ. ನಮ್ಮ ಕಥೆಗೆ ಕೊಂಡಿ ಸಿಗುವುದು ಇಲ್ಲಿ. ಅದೇ ವಿಲ್ಡೆನೋನ ಮೇಜಿಗೆ ತಮಿಳು ಕರಾವಳಿಯ ತರಂಗಂಬಾಡಿಯಿಂದ ವೈದ್ಯ ಕ್ಲೈನ್ ಕಳಿಸಿದ ಕಟ್ಟುಗಳೂ ಬರುತ್ತಿದ್ದವು. ಮ್ಯೂಲೆನ್‌ಬರ್ಗ್ ಓದಿದ ಹಾಲೆ ಪಟ್ಟಣವೇ ತರಂಗಂಬಾಡಿಯ ಮಿಷನ್ನಿಗೂ ಪಾದ್ರಿಗಳನ್ನು ಕಳಿಸಿದ ಊರು. ಹಾಗಾಗಿ ಅಮೆರಿಕದ ಕಾಡಿನ ಗಿಡವೂ ದಕ್ಷಿಣ ಭಾರತದ ಗಿಡವೂ ಒಂದೇ ಪುಸ್ತಕದಲ್ಲಿ ಹೆಸರು ಪಡೆದವು.

ನಮ್ಮ ಪಶ್ಚಿಮ ಕರಾವಳಿಯ ಪತ್ರಗಳು ಇದಕ್ಕೂ ಹಳೆಯವು, ನನ್ನ ಮಟ್ಟಿಗೆ ಹೆಚ್ಚಿನ ಬೆಲೆಯವು. ಡಚ್ ಅಧಿಕಾರಿ ವಾನ್ ರೀಡೆ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದ ಮೊದಲ ಸಂಪುಟದಲ್ಲಿ, 1675ರ ಏಪ್ರಿಲಿನಲ್ಲಿ ಕೊಚ್ಚಿಯಲ್ಲಿ ಬರೆದ ದೃಢೀಕರಣ ಪತ್ರಗಳು ಅಚ್ಚಾಗಿವೆ. ಒಂದು ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಅವರದು. ಇನ್ನೊಂದು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರದು, ನಾಗರಿ ಲಿಪಿಯಲ್ಲಿ. ಗಿಡಗಳ ಹೆಸರನ್ನೂ ಗುಣವನ್ನೂ ತಾವೇ ತಿಳಿಸಿದೆವೆಂದು ಬಲ್ಲವರೇ ತಮ್ಮ ಭಾಷೆಯಲ್ಲಿ ಬರೆದು ಸಹಿ ಹಾಕಿದ್ದಾರೆ. ಆ ಅರಿವಿನ ಗುರುತು ವಿಜ್ಞಾನದ ಹೆಸರುಗಳಲ್ಲೂ ಉಳಿಯಿತು. ನಾವು ರೆಂಜೆ ಎನ್ನುವ ಮರದ ಶಾಸ್ತ್ರೀಯ ಹೆಸರು ‘ಮಿಮುಸೊಪ್ಸ್ ಎಲೆಂಗಿ’. ಅದರ ಎರಡನೆಯ ಪದ ರೀಡೆಯ ಪುಸ್ತಕದಿಂದ ಬಂದ ಮಲಯಾಳದ ‘ಇಲಞ್ಞಿ’. ನಮ್ಮ ಗುಡ್ಡೆಯ ಕೇಪುಳ ಆ ಪುಸ್ತಕದಲ್ಲಿ ‘ಶೆಟ್ಟಿ’, ಎಂದರೆ ಮಲಯಾಳದ ಚೆತ್ತಿ. ತುಳು, ಕನ್ನಡ, ಮಲಯಾಳಗಳು ಒಂದೇ ಅಂಗಳದಲ್ಲಿ ಆಡುವ ಕುಂಬ್ಡಾಜೆಯವರಿಗೆ ಈ ಹೆಸರುಗಳನ್ನು ಓದಲು ಟೀಕೆ ಬೇಕಾಗಿಲ್ಲ.

ಆದರೆ ಆ ಬಳಿಕ ಇಂಥ ಸಹಿ ಮತ್ತೆ ಕಾಣುವುದಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಮಲಬಾರಿನಿಂದ ಬೇಕಲ, ಕಾಸರಗೋಡು, ಕುಂಬಳೆ, ಮಂಜೇಶ್ವರದ ದಾರಿ ಹಿಡಿದು ಮಂಗಳೂರಿಗೆ ಬಂದ. ನಮ್ಮ ಮುರಕಲ್ಲಿಗೆ ಭೂವಿಜ್ಞಾನದಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನೂ ಅವನೇ. ಕಲ್ಕತ್ತೆಯ ಸಸ್ಯೋದ್ಯಾನದ ರಾಕ್ಸ್‌ಬರ್ಗ್ ಜೊತೆ ಅವನಿಗೆ ಪತ್ರವ್ಯವಹಾರವಿತ್ತು. ಮೈಸೂರು ಸೀಮೆಯ ಅವನ ಮಾದರಿಗಳು ಜೆ. ಇ. ಸ್ಮಿತ್‌ನ ಕೈಸೇರಿ ಈಗ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿವೆ. ಊರೂರಿನ ವಿಚಾರವನ್ನು ಅಷ್ಟು ಎಚ್ಚರದಿಂದ ಬರೆದಿಟ್ಟ ಬುಕಾನನ್, ಗಿಡ ತೋರಿಸಿದವರನ್ನು ಸಾಮಾನ್ಯವಾಗಿ ‘ಇಲ್ಲಿನ ಜನ’ ಎಂಬ ಒಟ್ಟು ಮಾತಿನಲ್ಲಿ ಮುಗಿಸುತ್ತಾನೆ. ಇದು ಅವನೊಬ್ಬನ ದೋಷವಲ್ಲ, ಆ ಕಾಲದ ಬರವಣಿಗೆಯ ರೂಢಿ. ಆದರೂ 1675ರ ಪತ್ರಗಳನ್ನು ಓದಿ ಇಲ್ಲಿಗೆ ಬಂದರೆ ಮನಸ್ಸು ನೋಯುತ್ತದೆ.

ಇನ್ನೊಂದು ಸಂಗತಿ ಅವನು ಬಂದ ಋತು. ಜನವರಿಯಲ್ಲಿ ನಮ್ಮ ಮುರಕಲ್ಲಿನ ಪದವುಗಳು ಸುಟ್ಟ ರೊಟ್ಟಿಯಂತಿರುತ್ತವೆ. ಮಳೆಗಾಲದ ಆಟಿ, ಸೋಣ ತಿಂಗಳಲ್ಲಿ ಅದೇ ಮುರಕಲ್ಲಿನ ಮೇಲೆ ಬೆರಳುದ್ದದ ಗಿಡಗಳು ಹೂಬಿಟ್ಟು, ನೀರು ಆರುವಷ್ಟರಲ್ಲಿ ಬೀಜ ಚೆಲ್ಲಿ ಮಾಯವಾಗುತ್ತವೆ. ಬೇಸಗೆಯ ಪಯಣಿಗನಿಗೆ ಅವು ದಕ್ಕುವುದು ಹೇಗೆ? ಮಳೆಗಾಲವನ್ನು ಇಲ್ಲೇ ಕಳೆದವರು ಬೇಕಿತ್ತು.

ಅಂಥವರು ಬಾಸೆಲ್ ಮಿಷನ್ನಿನ ಪಾದ್ರಿಗಳು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರಿಗೆ ತಾಯ್ನಾಡಿನ ಜೊತೆ ಕಾಗದದ ಸಂಪರ್ಕ ಸದಾ ಇತ್ತು. 1840ರ ದಶಕದಲ್ಲಿ ಮಂಗಳೂರಿನಿಂದ ಹೋದ ಗಿಡಗಳನ್ನು ಜರ್ಮನಿಯ ಎಸ್ಲಿಂಗೆನ್ ಪಟ್ಟಣದ ಹೊಹೆನಾಕರ್ ವಿಂಗಡಿಸಿ, ಚೀಟಿ ಅಚ್ಚು ಹಾಕಿಸಿ, ಕಂತುಕಂತಾಗಿ ಮಾರಿದ. ಒಂದೇ ಗಿಡದ ಹಲವು ಪ್ರತಿಗಳು ಹೀಗೆ ಯುರೋಪಿನ ಊರೂರಿಗೆ ಹಂಚಿಹೋದವು. ಡಚ್ ವಿದ್ವಾಂಸ ಮಿಕೆಲ್ 1850ರ ಹೊತ್ತಿಗೆ ಈ ಮಾದರಿಗಳನ್ನು ಪರಿಶೀಲಿಸಿ ಬರೆದ. ಆ ಕೆಲಸದಿಂದ ಹೆಸರು ಪಡೆದವುಗಳಲ್ಲಿ ‘ಡಿಮೇರಿಯಾ ಹೊಹೆನಾಕೆರಿ’, ‘ಅರುಂಡಿನೆಲ್ಲಾ ಮೆಟ್ಜಿಯಿ’ ಎಂಬ ಹುಲ್ಲುಗಳಿವೆ. ಮೊದಲನೆಯದು ಮಾರಿದವನ ಹೆಸರಿನಲ್ಲಿ, ಎರಡನೆಯದು ಗಿಡ ಕೂಡಿಸಿದ ಪಾದ್ರಿ ಮೆಟ್ಜ್‌ನ ಹೆಸರಿನಲ್ಲಿ. ಇಂಥ ಹುಲ್ಲುಗಳು ಮಳೆ ಹಿಂದೆಗೆಯುವ ಹೊತ್ತಿಗೆ ತೆನೆ ಬಿಡುವಂಥವು. ಬುಕಾನನ್‌ಗೆ ತಪ್ಪಿದ ಋತು ಪಾದ್ರಿಗಳಿಗೆ ದಕ್ಕಿತೆಂದು ನಾನು ಹೇಳುವುದು ಇದರಿಂದಲೇ. ಗುಡ್ಡೆಯಲ್ಲಿ ಮುಳಿಹುಲ್ಲು ಕೊಯ್ಯುವವರಿಗೆ ಪ್ರತಿ ಹುಲ್ಲಿನ ಗುರುತೂ ಇರುತ್ತಿತ್ತು. ಅವರ ಹೆಸರು ಯಾವ ಹುಲ್ಲಿಗೂ ಬರಲಿಲ್ಲ.

ಆದರೆ ಮಿಷನ್ನಿನ ಲೆಕ್ಕದಲ್ಲಿ ಇನ್ನೊಂದು ಪುಟವನ್ನೂ ಓದಬೇಕು. 1881ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಐನೂರು ಗಿಡಗಳ ಉಪಯೋಗವನ್ನು ತಿಳಿಸುವ ಪುಸ್ತಕವೊಂದನ್ನು ಕನ್ನಡದಲ್ಲೇ ಹೊರತಂದಿತು. 1894ರ ಕಿಟೆಲ್ ನಿಘಂಟು ಎಷ್ಟೋ ಗಿಡಮರಗಳ ಕನ್ನಡ ಹೆಸರಿನ ಪಕ್ಕದಲ್ಲಿ ಶಾಸ್ತ್ರೀಯ ಹೆಸರನ್ನು ಕೊಡುತ್ತದೆ. ಎಸ್ಲಿಂಗೆನ್ನಿಗೆ ಹೋದ ಹಾಳೆಗಳಲ್ಲಿ ಕಳೆದ ನಮ್ಮ ಹೆಸರುಗಳಲ್ಲಿ ಕೆಲವನ್ನಾದರೂ ಈ ಪುಸ್ತಕಗಳಿಂದ ಮರಳಿ ಕೂಡಿಸಬಹುದು.

ಅಮೆರಿಕದ ಜೊತೆಗಿನ ವಿನಿಮಯ ಕನ್ನಡನಾಡಿಗೆ ಬಹಳ ತಡವಾಗಿ ಬಂತು, ಬಂದಾಗ ಸಮಪಾಲಿನಲ್ಲಿ ಬಂತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ಡಾನಾ ಮತ್ತು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಕೋಶ 1976ರಲ್ಲಿ ಪ್ರಕಟವಾಯಿತು. ನಿಕಲ್ಸನ್ 1988ರಲ್ಲಿ ಸಿ. ಆರ್. ಸುರೇಶ್, ಕೆ. ಎಸ್. ಮಣಿಲಾಲ್ ಜೊತೆ ಸೇರಿ ರೀಡೆಯ ಗ್ರಂಥದ ಗಿಡಗಳನ್ನು ಇಂದಿನ ಹೆಸರುಗಳಿಗೆ ಹೊಂದಿಸಿದ ಪುಸ್ತಕವನ್ನೂ ತಂದರು. 1675ರ ಪತ್ರಗಳತ್ತ ಮರಳಲು ನಮಗೊಂದು ದಾರಿ ಅದು.

ಉಳಿದಿರುವ ಕೆಲಸ ಇಷ್ಟು: ಬಾಸೆಲ್ಲಿನ ದಾಖಲೆಮನೆಯಲ್ಲಿರುವ ಮಂಗಳೂರಿನ ಪಾದ್ರಿಗಳ ಕಾಗದಗಳನ್ನು ಹೊಹೆನಾಕರನ ಚೀಟಿಗಳ ಪಕ್ಕದಲ್ಲಿಟ್ಟು, ತಿಂಗಳು ಮತ್ತು ದಾರಿಯನ್ನು ತಾಳೆ ನೋಡಬೇಕು. ಅದೇ ಗಿಡವನ್ನು ಅದೇ ತಿಂಗಳಲ್ಲಿ ಕುಂಬ್ಡಾಜೆಯ ಪದವಿನಲ್ಲಿ ಹುಡುಕಿ, ಅಲ್ಲಿನ ಹಿರಿಯರು ಹೇಳುವ ಹೆಸರನ್ನು, ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರಿನ ಸಮೇತ, ಹೊಸ ಚೀಟಿಯಲ್ಲಿ ಬರೆಯಬೇಕು.