ಹೆಡ್‌ಫೋನಿನೊಳಗಿನ ಚೆಂಡೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಚೆಂಡೆ ಬಾರಿಸಿದ್ದು ಒಂದೇ ಸಲ. ಎರಡು ನಿಮಿಷವೂ ಆಗಿರಲಿಲ್ಲ, ಸೆಕ್ಯೂರಿಟಿಯವನು ಬಾಗಿಲು ತಟ್ಟಿದ. ಅವನದು ತಪ್ಪಲ್ಲ. ಚೆಂಡೆ ಇರುವುದೇ ದೂರಕ್ಕೆ ಕೇಳಲಿಕ್ಕೆ. ಕಲ್ಲಡ್ಕದ ಸುತ್ತ ಎಲ್ಲಾದರೂ ಬಯಲಾಟವಿದ್ದರೆ ಅಡಿಕೆ ತೋಟ ದಾಟಿ ಬರುವ ಅದರ ಸದ್ದೇ ನಮಗೆ ಆಮಂತ್ರಣವಾಗಿತ್ತು. ಈಗ ಊರಿನಲ್ಲೂ ಅಷ್ಟು ಸಲೀಸಿಲ್ಲ. 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅನ್ವಯಿಸುತ್ತದೆ. 2022ರಲ್ಲಿ ಕಟೀಲು ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದದ್ದು ಇದೇ ಕಾರಣಕ್ಕೆ.

ಹಾಗಾಗಿ ರಬ್ಬರಿನ ಪ್ಯಾಡ್ ತಂದೆ. ಕೋಲಿನಿಂದ ಬಡಿದರೆ ಹೆಡ್‌ಫೋನಿನಲ್ಲಿ ಮಾತ್ರ ಸದ್ದು. ಆದರೆ ಅದರೊಳಗಿದ್ದುದೆಲ್ಲ ಪಾಶ್ಚಾತ್ಯ ಡ್ರಮ್ಮುಗಳು. ಬಿಡ್ತಿಗೆ ನುಡಿಸಿದರೆ ಮದುವೆ ಬ್ಯಾಂಡಿನಂತೆ ಕೇಳುತ್ತಿತ್ತು.

ನಿಜವಾದ ವಾದ್ಯದ ಪೆಟ್ಟನ್ನು ಯಂತ್ರದಲ್ಲಿ ಹಿಡಿದಿಡುವ ಕೆಲಸಕ್ಕೆ ನನ್ನಷ್ಟೇ ವಯಸ್ಸು. 1980ರಲ್ಲಿ ಅಮೆರಿಕದ ರೋಜರ್ ಲಿನ್ ಎಂಬ ಗಿಟಾರ್ ವಾದಕ ಎಲ್‌ಎಂ-1 ಎಂಬ ಡ್ರಮ್ ಮೆಶಿನ್ ತಂದ. ಅದುವರೆಗಿನ ಡ್ರಮ್ ಮೆಶಿನ್‌ಗಳು ಹೆಚ್ಚಾಗಿ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುತ್ತಿದ್ದವು. ಇವನು ಚರ್ಮದ ಪೆಟ್ಟನ್ನೇ ರೆಕಾರ್ಡ್ ಮಾಡಿ ಚಿಪ್ಪಿನಲ್ಲಿಟ್ಟ. ಬೆಲೆ ಸುಮಾರು 5,000 ಡಾಲರ್, ತಯಾರಾದದ್ದು 500ರ ಆಸುಪಾಸು. ಅದರಲ್ಲಿ ದೊಡ್ಡ ತಾಳ, ಅಂದರೆ ಸಿಂಬಲ್, ಇರಲಿಲ್ಲ. ಅದರ ಮೊಳಗು ಬಹಳ ಹೊತ್ತು ನಿಲ್ಲುತ್ತದೆ, ಅಷ್ಟಕ್ಕೆ ಬೇಕಾದ ಮೆಮೊರಿ ಆಗ ವಿಪರೀತ ದುಬಾರಿ. 1987ರ ಎಸ್‌ಪಿ-1200 ಯಂತ್ರದಲ್ಲಿ ನಮ್ಮದೇ ಸದ್ದು ತುಂಬಬಹುದಿತ್ತು, ಆದರೆ ಒಟ್ಟು ಜಾಗ ಹತ್ತು ಸೆಕೆಂಡು! ಬೆಂಗಳೂರಿನಲ್ಲೂ ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿ, ತಬಲಾಗಳನ್ನು ಮಾಡಿ ಸಂಗೀತ ಕಲಿಯುವವರ ಮನೆಗೆ ತಲುಪಿಸಿತು. ನನಗೆ ಬೇಕಾದದ್ದು ತೆಂಕುತಿಟ್ಟಿನ ಚೆಂಡೆ, ಮದ್ದಳೆ. ಅದೂ ನನ್ನವೇ. ಬೇರೆಯವರ ವಾದ್ಯದ ಸದ್ದಿನಲ್ಲಿ ನನ್ನ ಕೈಯ ತಪ್ಪು ನನಗೆ ತಿಳಿಯುವುದಿಲ್ಲ.

ಮಾರ್ಚಿಯ ಒಂದು ಮಧ್ಯಾಹ್ನ ಕಲ್ಲಡ್ಕದ ಮನೆಯ ಒಳಕೋಣೆಯಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಫ್ಯಾನ್ ನಿಲ್ಲಿಸಿ ರೆಕಾರ್ಡಿಂಗಿಗೆ ಕೂತೆ. ಹೆದ್ದಾರಿಯ ಲಾರಿಗಳು ಸುಮ್ಮನಾಗುವುದಕ್ಕೆ ಕಾದದ್ದೇ ಹೆಚ್ಚು. ಮದ್ದಳೆಯ ತ, ದಿ, ತೊಂ, ನಂ ಬೇರೆ ಬೇರೆ. ಚೆಂಡೆಯ ನಡುವಿನ ಪೆಟ್ಟು, ಅಂಚಿನ ಪೆಟ್ಟು, ಬಲಗೈಯದು, ಎಡಗೈಯದು. ಒಂದೊಂದನ್ನೂ ಮೆಲ್ಲಗಿನಿಂದ ಜೋರಿನವರೆಗೆ ಹಲವು ಸಲ. ಈ ಪದರಗಳನ್ನು ಒಂದರ ಮೇಲೊಂದು ಇಟ್ಟರೆ, ಪ್ಯಾಡಿಗೆ ಎಷ್ಟು ಬಲ ಬೀಳುತ್ತದೋ ಅದಕ್ಕೆ ತಕ್ಕ ಪದರ ಕೇಳುತ್ತದೆ. ನಮ್ಮೂರ ಕೆ.ಟಿ.ಯ ಹಾಗೆಯೇ, ಕೆಳಗೆ ಹಾಲು ಮೇಲೆ ಡಿಕಾಕ್ಷನ್. ಒಂದೇ ವ್ಯತ್ಯಾಸ, ಕೆ.ಟಿ.ಯಲ್ಲಿ ಪದರ ಕಾಣಬೇಕು, ಇಲ್ಲಿ ಗೊತ್ತೇ ಆಗಬಾರದು.

ಮೊದಲ ಸಲ ಗೊತ್ತಾಯಿತು. ಚೆಂಡೆಯ ಉರುಳಿಕೆ ತೆಗೆದರೆ ಒಂದೇ ಪೆಟ್ಟು ಮತ್ತೆ ಮತ್ತೆ ಬಂದು ಹೊಲಿಗೆ ಯಂತ್ರದ ಸದ್ದಾಯಿತು. ಎಷ್ಟು ಪಳಗಿದ ಕೈಯಾದರೂ ಎರಡು ಪೆಟ್ಟು ತದ್ರೂಪ ಇರುವುದಿಲ್ಲ. ಕೊನೆಗೆ ಸಮಬಲದ ಆರಾರು ಪೆಟ್ಟುಗಳನ್ನು ಸೇರಿಸಿ, ಸರದಿಯಂತೆ ಬರುವಂತೆ ಮಾಡಿದೆ. ತಪ್ಪಿದವೆಂದು ಬದಿಗಿಟ್ಟಿದ್ದ ಕೆಲವನ್ನೂ ಸೇರಿಸಿದ ಮೇಲೆ ಉರುಳಿಕೆಗೆ ಜೀವ ಬಂತು.

ಎಂಟು ತಿಂಗಳು ದಿನಾ ರಾತ್ರಿ ಅಭ್ಯಾಸ. ಪತ್ತನಾಜೆ ಕಳೆದು, ಮಳೆಗಾಲ ಮುಗಿದು, ದೀಪಾವಳಿಗೆ ಊರಿಗೆ ಹೋಗಿ ಗುರುಗಳ ಮುಂದೆ ಮದ್ದಳೆ ಹಿಡಿದು ಕೂತೆ. ಅವರು ಎರಡು ಪದ್ಯ ಹಾಡಿದರು. ಮೂರನೆಯದಕ್ಕೆ ಶ್ರುತಿಯನ್ನು ಒಂದು ಮನೆ ಏರಿಸಿದರು. ನಾನು ಬಾರು ಬಿಗಿಮಾಡದೆ ನುಡಿಸುತ್ತಲೇ ಹೋದೆ.

"ಕೈಯೇನೋ ಓಡ್ತದೆ ಮಾರಾಯ, ಕಿವಿ ಎಲ್ಲಿ ಬಿಟ್ಟು ಬಂದಿ?" ಎಂದರು.

ಬಿಟ್ಟು ಬಂದದ್ದು ಮಾರ್ಚಿಯ ಆ ಮಧ್ಯಾಹ್ನದಲ್ಲಿ. ಬಿಸಿಲಿಗೆ ಬಿಗಿದ ಚರ್ಮದ ಒಂದೇ ಶ್ರುತಿಯನ್ನು ಹಿಡಿದಿಟ್ಟು ಅದಕ್ಕೇ ಕಿವಿ ಪಳಗಿಸಿದ್ದೆ. ಮಳೆಗಾಲದ ಸಡಿಲ ಚರ್ಮ, ಆಟದ ನಡುವೆ ಮದ್ದಳೆ ಸರಿಮಾಡಿಕೊಳ್ಳುವ ಅವಸರ, ಇವೆಲ್ಲ ನನ್ನ ಪ್ಯಾಡಿನಲ್ಲಿ ಸಿಂಬಲ್‌ನ ಹಾಗೆ ಹೊರಗುಳಿದಿದ್ದವು. ಈಗ ಮೆಮೊರಿ ಅಗ್ಗ, ಆ ನೆಪವೂ ನನಗಿಲ್ಲ. ಸದ್ದಿನ ವೇಗ ಹೆಚ್ಚಿಸಿ ಶ್ರುತಿ ಏರಿಸಬಹುದು, ಆದರೆ ಆಗ ನಾದ ಮೋಟಾಗುತ್ತದೆ, ಮದ್ದಳೆ ಆಟಿಕೆಯಾಗುತ್ತದೆ.

ಆ ಮದ್ದಳೆಯ ಬಲಬದಿಯ ಮುಚ್ಚಿಗೆ ಮರುವರ್ಷ ಹರಿಯಿತು. ಹೊಸದು ಹಾಕಿಸಿದ್ದೇನೆ, ಚೆನ್ನಾಗಿಯೇ ಇದೆ, ಆದರೆ ನಂ ಬೇರೆ. ಹಳೆಯ ನಂ ಈಗ ಉಳಿದಿರುವುದು ಪ್ಯಾಡಿನಲ್ಲಿ ಮಾತ್ರ. ಅದನ್ನು ಅಳಿಸಿಲ್ಲ. ಅಭ್ಯಾಸ ಹೊಸದರಲ್ಲೇ, ಮೂರು ಶ್ರುತಿಗಳಲ್ಲಿ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ. ಆಟಿ ತಿಂಗಳಿನದು ಇನ್ನೂ ಬಾಕಿ. ಮಳೆ ಒಂದು ಗಳಿಗೆ ನಿಲ್ಲಬೇಕು.