ನಿದ್ದೆ ಹೋದ ಹುಡುಗ ಮತ್ತು ನೋಟ್‌ಬುಕ್ 56

1️⃣
ಮೊದಲ ಫೋಟೋನ ಸ್ವಲ್ಪ ಝೂಮ್ ಮಾಡಿ ನೋಡಿ. ಪೆನ್ಸಿಲ್‌ನಲ್ಲಿ ಬರೆದಿದ್ದು, ಡಚ್ ಭಾಷೆ, ಅಕ್ಷರವೋ ಕಾಗೆ ಕಾಲು ಗುಬ್ಬಿ ಕಾಲು. ಸಂಜೆ ನಾಲ್ಕರ ಹೊತ್ತಿಗೆ ಗೀಚಿದ ಒಂದು ಪುಟ್ಟ ಸಾಲು ಅದರಲ್ಲಿದೆ. ಕನ್ನಡದಲ್ಲಿ ಹೇಳೋದಾದರೆ ಇಷ್ಟೇ: ಪಾದರಸ, ಹೆಚ್ಚೂಕಮ್ಮಿ ಸೊನ್ನೆ.

ತಾರೀಕು 1911ರ ಏಪ್ರಿಲ್ 8. ಊರು ನೆದರ್‌ಲ್ಯಾಂಡ್ಸ್‌ನ ಲೈಡನ್. ಸೊನ್ನೆ ಆಗಿದ್ದು ವಿದ್ಯುತ್ ರೋಧ. ನಿಮ್ಮ ಮೊಬೈಲ್ ಚಾರ್ಜರ್ ಬಿಸಿಯಾಗುತ್ತಲ್ಲ, ಅದಕ್ಕೆ ಒಂದು ಮುಖ್ಯ ಕಾರಣ ತಂತಿ ಕರೆಂಟಿಗೆ ಒಡ್ಡುವ ಅಡ್ಡಿ. ಲೋಹ ಯಾವುದೇ ಇರಲಿ, ಈ ಅಡ್ಡಿ ಇದ್ದೇ ಇರುತ್ತೆ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆವತ್ತು ಅಡ್ಡಿ ಇಲ್ಲದ ಲೋಹ ಸಿಕ್ಕಿತು. ಇದನ್ನೇ ಈಗ ಅತಿವಾಹಕತೆ, ಸೂಪರ್‌ಕಂಡಕ್ಟಿವಿಟಿ ಅಂತೀವಿ.

ಈಗ ಒಂದು ತಪ್ಪೊಪ್ಪಿಗೆ. ಇದೇ ಪೇಜಿನಲ್ಲಿ ಹಿಂದೊಮ್ಮೆ ಈ ಶೋಧದ ಬಗ್ಗೆ ಒಂದು ಕಥೆ ಹಾಕಿದ್ದೆ. ನಿಮ್ಮಲ್ಲಿ ತುಂಬಾ ಜನ ಶೇರ್ ಮಾಡಿದ್ರಿ. ಕಥೆ ಹೀಗಿತ್ತು: ಲ್ಯಾಬಿನಲ್ಲಿ ನೀಲಿ ಅಂಗಿಯ ಒಬ್ಬ ಹುಡುಗ ಒತ್ತಡದ ಮೀಟರ್ ಕಾಯ್ತಾ ಕೂತಿದ್ದ. ರೋಧ ಸೊನ್ನೆ ಅಂತ ಬರ್ತಿದ್ದದ್ದು ಶಾರ್ಟ್ ಸರ್ಕ್ಯೂಟ್ ಇರಬೇಕು ಅಂತ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ರು. ಹುಡುಗ ತೂಕಡಿಸಿದ. ತಂಪು ಕಮ್ಮಿಯಾಯ್ತು, ಪಾದರಸ ಬೆಚ್ಚಗಾಯ್ತು, ಮೀಟರಿನ ಮುಳ್ಳು ಹಾರಿತು, ಲೋಕಕ್ಕೆ ಅತಿವಾಹಕತೆ ಗೊತ್ತಾಯ್ತು.

ಚೆಂದದ ಕಥೆ. ಆದರೆ ನೋಟ್‌ಬುಕ್ ಇದನ್ನ ಒಪ್ಪೋದಿಲ್ಲ. ಹಾಗಾಗಿ ಇವತ್ತಿನ ಸರಣಿ.

2️⃣
ಎರಡನೇ ಫೋಟೋದಲ್ಲಿರೋ ಮೀಸೆಯ ಯಜಮಾನರು ಹೈಕೆ ಕಾಮರ್ಲಿಂಗ್ ಓನ್ನೆಸ್. 1882ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದರು. ಅಳತೆಯಿಂದಲೇ ಅರಿವು ಅನ್ನೋದು ಅವರ ಮಂತ್ರ. ಗಾಳಿ, ಹೈಡ್ರೋಜನ್, ಆಮೇಲೆ ಹೀಲಿಯಂ, ಒಂದೊಂದನ್ನೇ ತಣ್ಣಗೆ ಮಾಡಿ ದ್ರವ ಮಾಡಬೇಕು ಅನ್ನೋದು ಅವರ ಹಟ.

ಊರಿನವರು ಮಾತ್ರ ಬಿಡಲಿಲ್ಲ! 1807ರಲ್ಲಿ ಲೈಡನ್ ಊರೊಳಗಿನ ಕಾಲುವೆಯಲ್ಲಿ ಮದ್ದಿನ ಪುಡಿ ತುಂಬಿದ ಹಡಗೊಂದು ಸಿಡಿದು ಸುಮಾರು 150 ಜನ ಸತ್ತಿದ್ದರು. ಆ ಸ್ಫೋಟದಲ್ಲಿ ನೆಲಸಮವಾದ ಜಾಗದಲ್ಲೇ ಈ ಲ್ಯಾಬ್ ಕಟ್ಟಿದ್ದು. ಅಂಥ ಜಾಗದಲ್ಲಿ ಒತ್ತಡದ ಗ್ಯಾಸ್ ಸಿಲಿಂಡರ್‌ಗಳಿವೆ ಅಂತ 1895ರಲ್ಲಿ ಗೊತ್ತಾದಾಗ ಊರಿಗೆ ಊರೇ ಗಾಬರಿ. ತನಿಖಾ ಸಮಿತಿ ಕೂತಿತು, ಕೆಲಸ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಅಷ್ಟರಲ್ಲಿ ಲಂಡನ್ನಿನ ಜೇಮ್ಸ್ ಡ್ಯೂವರ್ 1898ರಲ್ಲಿ ಹೈಡ್ರೋಜನ್ ದ್ರವ ಮಾಡಿ ಮುಂದೆ ಹೋದ್ರು. ತಮಾಷೆ ಅಂದ್ರೆ, ಓನ್ನೆಸ್ ಲ್ಯಾಬ್ ಮುಚ್ಚಬೇಡಿ ಅಂತ ಪತ್ರ ಬರೆದವರಲ್ಲಿ ಇದೇ ಪ್ರತಿಸ್ಪರ್ಧಿ ಡ್ಯೂವರ್ ಕೂಡ ಒಬ್ಬರು.

ಓನ್ನೆಸ್ ಮಾಡಿದ ಜಾಣ ಕೆಲಸ ಇನ್ನೊಂದಿದೆ. ಉಪಕರಣ ಕೊಂಡರೆ ಸಾಲದು, ಮಾಡುವ ಕೈ ಬೇಕು ಅಂತ ಲ್ಯಾಬಿನ ಜೊತೆಗೇ ಉಪಕರಣ ತಯಾರಿಯ ಶಾಲೆ ನಡೆಸಿದ್ರು. ಗಾಜು ಊದೋದು, ಲೇತ್ ಕೆಲಸ, ಪಂಪ್ ಜೋಡಿಸೋದು ಎಲ್ಲ ಅಲ್ಲಿ ಕಲಿಸ್ತಿದ್ರು. ಹುಡುಗರ ಸಮವಸ್ತ್ರ ನೀಲಿ, ಹಾಗಾಗಿ ಅವರಿಗೆ ನೀಲಿ ಹುಡುಗರು ಅಂತಲೇ ಹೆಸರು. ನಮ್ಮ ಐಟಿಐ ಹುಡುಗರನ್ನ ನೆನಪಿಸಿಕೊಳ್ಳಿ. ಅವರಿಗೆಲ್ಲ ಮೇಲೆ ಗೆರಿಟ್ ಫ್ಲಿಮ್ ಅನ್ನೋ ತಂತ್ರಜ್ಞ. ಲ್ಯಾಬಿನ ತಣ್ಣನೆಯ ಯಂತ್ರಗಳೆಲ್ಲ ನಡೀತಿದ್ದದ್ದು ಇವರ ಕೈಯಲ್ಲಿ.

ಹೀಲಿಯಂ ಎಲ್ಲಿಂದ ತಂದ್ರು ಗೊತ್ತಾ? ಮರಳಿಂದ! ಮೊನಜೈಟ್ ಅನ್ನೋ ಮರಳಿನಲ್ಲಿ ಥೋರಿಯಂ ಇರುತ್ತೆ. ಅದು ಕ್ಷಯಿಸುತ್ತಾ ಹುಟ್ಟಿಸಿದ ಹೀಲಿಯಂ ಕಣದೊಳಗೇ ಸಿಕ್ಕಿಕೊಂಡಿರುತ್ತೆ, ಕಾಯಿಸಿದರೆ ಹೊರಗೆ ಬರುತ್ತೆ. (ನಮ್ಮ ಕೇರಳದ ಚವರದ ಕಡಲತೀರದಲ್ಲಿ ಇರೋದೂ ಇದೇ ಮೊನಜೈಟ್.) ಓನ್ನೆಸ್‌ಗೆ ಅಮೆರಿಕದ ನಾರ್ತ್ ಕೆರೊಲಿನಾದ ಮರಳು ತರಿಸಿಕೊಟ್ಟದ್ದು ವ್ಯಾಪಾರ ಇಲಾಖೆಯಲ್ಲಿದ್ದ ಅವರ ತಮ್ಮ.

1908ರ ಜುಲೈ 10. ಬೆಳಗಿನ ಜಾವ ಶುರುವಾದ ಕೆಲಸ ರಾತ್ರಿ ಮುಗಿಯೋ ಹೊತ್ತಿಗೆ ಸಿಕ್ಕ ದ್ರವ ಹೀಲಿಯಂ ಸುಮಾರು 60 ಮಿಲಿಲೀಟರ್. ಒಂದು ಲೋಟ ಕಾಫಿಗೂ ಕಡಿಮೆ! ಆದರೆ ತಾಪಮಾನ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ, ಕೆಲ್ವಿನ್ ಲೆಕ್ಕದಲ್ಲಿ 4.2. ಭೂಮಿಯ ಮೇಲೆ ಅದುವರೆಗೆ ಯಾರೂ ಅಷ್ಟು ತಂಪು ಮುಟ್ಟಿರಲಿಲ್ಲ.

3️⃣
ಅಷ್ಟು ತಂಪಿನಲ್ಲಿ ಲೋಹದ ರೋಧ ಏನಾಗುತ್ತೆ? ಲಾರ್ಡ್ ಕೆಲ್ವಿನ್ ಪ್ರಕಾರ ಎಲೆಕ್ಟ್ರಾನ್‌ಗಳೇ ಹೆಪ್ಪುಗಟ್ಟಿ ಕರೆಂಟ್ ನಿಂತುಹೋಗಬೇಕು. ಓನ್ನೆಸ್ ಮೊದಲು ಪ್ಲಾಟಿನಂ, ಚಿನ್ನ ಅಳೆದ್ರು. ರೋಧ ಇಳಿದು ಇಳಿದು ಒಂದು ಮಟ್ಟದಲ್ಲಿ ನಿಂತುಬಿಡ್ತು. ಲೋಹದಲ್ಲಿರೋ ಕಲ್ಮಶವೇ ಇದಕ್ಕೆ ಕಾರಣ, ಶುದ್ಧ ಲೋಹವಾದರೆ ಮೆಲ್ಲಗೆ ಸೊನ್ನೆಗೆ ಇಳೀಬೇಕು ಅಂತ ಅವರ ಅಂದಾಜು. ಶುದ್ಧ ಮಾಡೋಕೆ ಸುಲಭವಾದ ಲೋಹ ಪಾದರಸ, ಮತ್ತೆ ಮತ್ತೆ ಬಟ್ಟಿ ಇಳಿಸಿದರಾಯ್ತು. ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ಅದನ್ನ ತುಂಬಿದ್ರು. ತಣ್ಣಗಾದಾಗ ಅದು ಹೆಪ್ಪುಗಟ್ಟಿ ತಂತಿಯಾಗುತ್ತೆ. ನಡುವೆ ಒಂದು ಕಡೆ ಬಿರುಕು ಬಿಟ್ಟರೂ ಇಡೀ ದಿನದ ಕೆಲಸ ಹಾಳು.

ಏಪ್ರಿಲ್ 8ರಂದು ಬೆಳಗ್ಗೆಯೇ ಫ್ಲಿಮ್ ಯಂತ್ರ ಶುರು ಮಾಡಿದ್ರು. ತಾಪಮಾನದ ಜವಾಬ್ದಾರಿ ಕೊರ್ನೆಲಿಸ್ ಡಾರ್ಸ್‌ಮನ್ ಅವರದು. ರೋಧ ಅಳೆಯೋದು ಗಿಲ್ಲೆಸ್ ಹೋಲ್ಸ್ಟ್, ಆಗ ಅವರಿಗೆ ಬರೀ ಇಪ್ಪತ್ತೈದು ವರ್ಷ. ಪಂಪುಗಳ ನಡುಕ ತಾಗಬಾರದು ಅಂತ ಗ್ಯಾಲ್ವನೋಮೀಟರ್ ಬೇರೆ ಕೋಣೆಯಲ್ಲಿತ್ತು. 4.3 ಕೆಲ್ವಿನ್‌ನಲ್ಲಿ ಪಾದರಸಕ್ಕೆ ರೋಧ ಇತ್ತು, ಅಳೆದ್ರು. ಆಮೇಲೆ ಹೀಲಿಯಂನ ಒತ್ತಡ ತಗ್ಗಿಸಿ 3 ಕೆಲ್ವಿನ್‌ಗೆ ಇಳಿಸಿದ್ರು. ನಾಲ್ಕು ಗಂಟೆಗೆ ಆ ಸಾಲು ಬಂತು. ತಕ್ಷಣ ಚಿನ್ನದ ಮೇಲೂ ಮತ್ತೊಮ್ಮೆ ಅಳೆದ್ರು.

ಗಮನಿಸಿ, ಆವತ್ತು ಓನ್ನೆಸ್‌ಗೆ ಆಘಾತವೇನೂ ಆಗಿರಲಿಲ್ಲ. ಸೊನ್ನೆ ಬರಬೇಕು ಅಂದುಕೊಂಡಿದ್ರು, ಬಂತು. ನಿಜವಾದ ಆಶ್ಚರ್ಯ ಮೇ 23ರದು. ಆವತ್ತು ಬೇಕಂತಲೇ, ಮೆಲ್ಲಮೆಲ್ಲಗೆ ತಾಪ ಏರಿಸಿದ್ರು. ನೋಟ್‌ಬುಕ್ಕಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇದೆ: 4.00ರಲ್ಲಿ ಇನ್ನೂ ಏನಿಲ್ಲ, 4.05ರಲ್ಲೂ ಇಲ್ಲ, 4.12ರಲ್ಲಿ ರೋಧ ಕಾಣಿಸೋಕೆ ಶುರು. ಯಾರೋ ತೂಕಡಿಸಿ ಬೆಚ್ಚಗಾಗಿದ್ದಲ್ಲ ಸ್ವಾಮಿ, ಕಣ್ಣು ಬಿಟ್ಟುಕೊಂಡು, ಒಂದು ಡಿಗ್ರಿಯ ನೂರನೇ ಭಾಗಗಳನ್ನ ಎಣಿಸ್ತಾ ಏರಿಸಿದ್ದು.

ಮೂರನೇ ಫೋಟೋದ ಗ್ರಾಫ್ ಅಕ್ಟೋಬರಿನದು. 0.1 ಓಮ್‌ಗಿಂತ ತುಸು ಮೇಲಿದ್ದ ರೋಧ 4.2 ಕೆಲ್ವಿನ್ ಹತ್ತಿರ ಕಡಿದಾದ ಬಂಡೆಯಿಂದ ಬಿದ್ದ ಹಾಗೆ ಒಂದು ಓಮ್‌ನ ಲಕ್ಷದ ಒಂದು ಭಾಗಕ್ಕಿಂತ ಕೆಳಗೆ ಬಿದ್ದಿದೆ. ಮೆಲ್ಲಗೆ ಇಳಿಯೋದಲ್ಲ, ಜಿಗಿತ. ಈ ಜಿಗಿತಕ್ಕೆ ವಿವರಣೆ ಸಿಗೋಕೆ 1957 ಬರಬೇಕಾಯ್ತು.

ಏಪ್ರಿಲ್ 8ರ ಪುಟದಲ್ಲಿ ಇನ್ನೊಂದು ವಿಷಯ ಇದೆ, ನನಗೆ ರೋಮಾಂಚನವಾಗೋದು ಇದಕ್ಕೇ. ಆ ದಿನದ ಕೊನೆಗೆ ಇನ್ನೂ ತಂಪು ಮಾಡಿದಾಗ ಹೀಲಿಯಂನ ಕುದಿತ ಇದ್ದಕ್ಕಿದ್ದಂತೆ ನಿಂತು, ದ್ರವ ಸದ್ದಿಲ್ಲದೆ ಆವಿಯಾಗ್ತಾ ಕಣ್ಣೆದುರೇ ಕುಗ್ಗಿತು ಅಂತ ಬರೆದಿದ್ದಾರೆ. ಅದು ಹೀಲಿಯಂ ಸೂಪರ್‌ಫ್ಲೂಯಿಡ್ ಆದ ಗಳಿಗೆ! ಬರೆದಿಟ್ಟರು, ಪುಟ ತಿರುವಿದ್ರು. ಜಗತ್ತಿಗೆ ಅದು ತಿಳಿದದ್ದು 1938ರಲ್ಲಿ.

4️⃣
ನೋಟ್‌ಬುಕ್ 56ರ ರಟ್ಟಿನ ಮೇಲೆ 1909–1910 ಅಂತ ಇದೆ. ಹಾಗಾಗಿ ಏಪ್ರಿಲ್ 1911ರ ಪುಟ ಅದರೊಳಗಿದೆ ಅಂತ ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ಮೇಲಿಂದ ಆ ಕೈಬರಹ ಬೇರೆ. ಶೋಧಕ್ಕೆ ನೂರು ವರ್ಷ ತುಂಬೋ ಹೊತ್ತಿಗೆ ಲೈಡನ್ನಿನ ಡಿರ್ಕ್ ವಾನ್ ಡೆಲ್ಫ್ಟ್ ಮತ್ತು ಪೀಟರ್ ಕೆಸ್ ಕೂತು ಓದಿ 2010ರಲ್ಲಿ ಪ್ರಕಟಿಸಿದ್ರು. ಅಲ್ಲೀವರೆಗೆ ಖಾಲಿ ಜಾಗವನ್ನ ಬಾಯಿಂದ ಬಾಯಿಗೆ ಬಂದ ಕಥೆ ತುಂಬಿತ್ತು.

ಅದಿರಲಿ, ಹೆಸರಿನ ವಿಷಯಕ್ಕೆ ಬನ್ನಿ. ಪಾದರಸದ ಪ್ರಬಂಧಗಳ ಮೇಲೆ ಇರೋದು ಒಂದೇ ಹೆಸರು, ಓನ್ನೆಸ್. 1913ರಲ್ಲಿ ನೊಬೆಲ್ ಬಂದದ್ದೂ ಅವರಿಗೇ, ಅತಿ ಕಡಿಮೆ ತಾಪಮಾನದ ಸಂಶೋಧನೆಗೆ. ಪ್ರೊಫೆಸರ್ ಹೆಸರಲ್ಲಿ ಅಚ್ಚಾಗಿ ಸಹಾಯಕರಿಗೆ ಧನ್ಯವಾದ ಹೇಳೋದು ಆ ಕಾಲದ ರೂಢಿ, ಅದನ್ನ ಇವತ್ತಿನ ಕಣ್ಣಿಂದ ಕಳ್ಳತನ ಅನ್ನೋಕಾಗಲ್ಲ. ಆದರೂ ಆ ಸೊನ್ನೆಯನ್ನ ಮೊದಲು ಕಂಡದ್ದು ಅಳೀತಿದ್ದ ಹೋಲ್ಸ್ಟ್ ಕಣ್ಣು. ಅವರು 1914ರಲ್ಲಿ ಫಿಲಿಪ್ಸ್ ಕಂಪನಿಗೆ ಹೋಗಿ ಅಲ್ಲಿನ ಸಂಶೋಧನಾಲಯದ ಮೊದಲ ಮುಖ್ಯಸ್ಥರಾದ್ರು. ಹೆಸರು ಮಾಡೋಕೆ ಅವರಿಗೆ ಇನ್ನೊಂದು ಅವಕಾಶವಾದರೂ ಸಿಕ್ಕಿತು.

ನೀಲಿ ಹುಡುಗರಿಗೆ? ಇತಿಹಾಸದಲ್ಲಿ ಅವರಿಗೆ ಸಿಕ್ಕ ಜಾಗ ಯಾವುದು ನೋಡಿ: ನಿದ್ದೆ ಹೋದವನು. ಪಂಪ್ ನಡೆಸಿ, ಗಾಜು ಊದಿ, ಸೋರಿಕೆ ಹುಡುಕಿದ ಹುಡುಗರನ್ನ ನಾವು ನೆನೆಯೋದು ಯಾರೂ ಮಾಡದ ಒಂದು ತೂಕಡಿಕೆಗೆ. ನಾನೂ ಹಾಗೇ ನೆನೆದಿದ್ದೆ, ನಗು ಬರಿಸೋ ಇಮೋಜಿ ಸಮೇತ.

ಅವರು ಕಲಿತು ಮಾಡಿದ ಆ ಕೆಲಸ ಇವತ್ತಿಗೂ ನಡೀತಿದೆ. ನಿಮ್ಮೂರಿನ ಆಸ್ಪತ್ರೆಯ ಎಂಆರ್‌ಐ ಯಂತ್ರದೊಳಗೆ ನಯೋಬಿಯಂ-ಟೈಟೇನಿಯಂ ತಂತಿಯ ಸುರುಳಿ ಇರುತ್ತೆ. ಸಾಮಾನ್ಯವಾಗಿ ಅದು ಮುಳುಗಿರೋದು ದ್ರವ ಹೀಲಿಯಂನಲ್ಲಿ, ಅದೇ 4.2 ಕೆಲ್ವಿನ್ ಆಸುಪಾಸಿನಲ್ಲಿ. ಒಮ್ಮೆ ಹರಿಸಿದ ಕರೆಂಟ್ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತೆ. ಇಂಥ ಆಯಸ್ಕಾಂತದ ಕನಸು ಓನ್ನೆಸ್‌ಗೂ ಇತ್ತು. ಸೀಸದ ಸುರುಳಿ ಮಾಡಿದ್ರು, ಆದರೆ ಕಾಂತಕ್ಷೇತ್ರ ಸ್ವಲ್ಪ ಜೋರಾದ ಕೂಡಲೇ ಅತಿವಾಹಕತೆಯೇ ಮಾಯ. ಅದು ಸಾಧ್ಯವಾಗೋಕೆ ಇನ್ನೂ ಅರ್ಧ ಶತಮಾನ ಬೇಕಾಯ್ತು. ಆ ಕಥೆ ಮುಂದಿನ ವಾರ.

ನನ್ನ ಹಳೇ ಪೋಸ್ಟ್ ಡಿಲೀಟ್ ಮಾಡಿಲ್ಲ. ಮೇಲುಗಡೆ ತಿದ್ದುಪಡಿ ಹಾಕಿ ಪಿನ್ ಮಾಡಿದ್ದೀನಿ. ಆಗ ಶೇರ್ ಮಾಡಿದವರು ದಯವಿಟ್ಟು ಇದನ್ನೂ ಅದೇ ಗುಂಪುಗಳಿಗೆ ಕಳಿಸಿ.

#ವಿಜ್ಞಾನದಇತಿಹಾಸ #ಅತಿವಾಹಕತೆ #ಲೈಡನ್1911